ಪಾಕ, ಬೆಲ್ಲ, ಚಿನ್ನದ ರೇಕು: ಮೈಸೂರು ಸೀಮೆಯ ಚರಿತ್ರೆ ಹದದಲ್ಲಿ ಸಿಗುವುದು ಹೇಗೆ

2025ರ ಮೇ ತಿಂಗಳಲ್ಲಿ ಜೈಪುರದ ಕೆಲವು ಮಿಠಾಯಿ ಅಂಗಡಿಗಳು ಮೈಸೂರು ಪಾಕಿನ ಹೆಸರನ್ನು ‘ಮೈಸೂರು ಶ್ರೀ’ ಎಂದು ಬದಲಿಸಿದವು. ‘ಪಾಕ್’ ಎಂದರೆ ನೆರೆಯ ದೇಶದ ನೆನಪಾಗುತ್ತದೆ ಎಂಬುದು ಕಾರಣ. ಸುದ್ದಿ ಎಲ್ಲೆಡೆ ಹಬ್ಬಿ, ತಿಂಡಿಯ ಹೆಸರನ್ನು ಬಾಯಿತುಂಬ ಹೇಳಿಕೊಂಡು ಬೆಳೆದವರಿಗೂ ಒಂದು ಪ್ರಶ್ನೆ ಎದುರಾಯಿತು. ಈ ಪಾಕ ಅಂದರೆ ಏನು? ಅದು ಎಲ್ಲಿಂದ ಬಂತು? ಮೈಸೂರಿಗೂ ಅದಕ್ಕೂ ಏನು ನಂಟು?

ಉತ್ತರ ಹುಡುಕಲು ಅರಮನೆಯ ದಫ್ತರವನ್ನೇ ತೆರೆಯಬೇಕೆಂದಿಲ್ಲ. ಬಾಣಲೆಯಲ್ಲಿ ಏನು ನಡೆಯುತ್ತದೆ, ಮಂಡ್ಯದ ಆಲೆಮನೆಯ ಕೊಪ್ಪರಿಗೆಯಲ್ಲಿ ಏನು ನಡೆಯುತ್ತದೆ, ಮೈಸೂರು ಶೈಲಿಯ ಚಿತ್ರದ ಮೇಲೆ ಚಿನ್ನ ಹೇಗೆ ಕೂರುತ್ತದೆ ಎಂಬುದನ್ನು ಸರಿಯಾಗಿ ನೋಡಿದರೆ ಈ ಸೀಮೆಯ ನಾನೂರು ವರ್ಷಗಳ ಕಥೆಯ ಬಹುಪಾಲು ಅಲ್ಲೇ ಸಿಗುತ್ತದೆ. ಬಳಸುವ ಒಂದೊಂದು ಸಾಮಗ್ರಿಯೂ ಯಾವುದೋ ಕಾಲದಲ್ಲಿ, ಯಾವುದೋ ದಾರಿಯಲ್ಲಿ ಇಲ್ಲಿಗೆ ಬಂದು ಸೇರಿದ್ದು.

ಮೊದಲು ಆ ಶಬ್ದ

‘ಪಾಕ’ ಸಂಸ್ಕೃತದ ‘ಪಚ್’ ಧಾತುವಿನಿಂದ ಬಂದದ್ದು. ಬೇಯಿಸು ಎಂದು ಅರ್ಥ. ಪಚನ, ಪಕ್ವ, ಪಾಕಶಾಲೆ, ನಳಪಾಕ, ಪರಿಪಾಕ ಎಲ್ಲವೂ ಅದೇ ಮನೆಯವು. ಕಾವ್ಯಕ್ಕೂ ಪಾಕವುಂಟು: ಓದಿದ ಕೂಡಲೇ ರಸ ಸಿಗುವ ಪದ್ಯ ದ್ರಾಕ್ಷಾಪಾಕ, ಸಿಪ್ಪೆ ಸುಲಿದು ತಿನ್ನಬೇಕಾದದ್ದು ಕದಳೀಪಾಕ, ಒಡೆದು ತೆಗೆಯಬೇಕಾದದ್ದು ನಾರಿಕೇಳಪಾಕ. ಆಡುಗನ್ನಡದಲ್ಲಿ ಈ ಶಬ್ದ ಇನ್ನಷ್ಟು ಕಿರಿದಾಗಿ, ಸಕ್ಕರೆಯನ್ನೋ ಬೆಲ್ಲವನ್ನೋ ನೀರಿನಲ್ಲಿ ಕುದಿಸಿ ಗಟ್ಟಿ ಮಾಡಿದ ದ್ರವಕ್ಕೆ ಹೆಸರಾಗಿ ನಿಂತಿದೆ. ‘ಪಾಕ ಬಂತಾ?’ ಎಂದು ಅಡುಗೆಮನೆಯಲ್ಲಿ ಯಾರಾದರೂ ಕೇಳಿದರೆ ಅದು ಈ ಅರ್ಥದಲ್ಲೇ. ದೇಶದ ಹೆಸರಿನಲ್ಲಿರುವ ‘ಪಾಕ್’ ಪಾರಸಿ ಶಬ್ದ, ಶುದ್ಧ ಎಂದು ಅದರ ಅರ್ಥ. ಉಚ್ಚಾರಣೆ ಹತ್ತಿರ, ಅರ್ಥ ಬೇರೆ ಬೇರೆ.

ಹಾಗಾಗಿ ‘ಮೈಸೂರು ಪಾಕ’ ಎಂಬ ಹೆಸರು ತಿಂಡಿಯನ್ನು ಮಾಡುವ ವಿಧಾನವನ್ನೇ ಹೇಳುತ್ತದೆ. ಇದು ಪಾಕ ಹಿಡಿದು ಮಾಡಿದ್ದು, ಮೈಸೂರಿನಲ್ಲಿ ಮಾಡಿದ್ದು, ಅಷ್ಟೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಬಾಣಸಿಗರಾಗಿದ್ದ ಕಾಕಾಸುರ ಮಾದಪ್ಪನವರು ಇದನ್ನು ಮೊದಲು ಮಾಡಿದರು, ಇದರ ಹೆಸರೇನೆಂದು ಮಹಾರಾಜರು ಕೇಳಿದಾಗ ಹೊಳೆದದ್ದನ್ನು ಹೇಳಿದರು ಎಂಬುದು ಅವರ ವಂಶದಲ್ಲಿ ಉಳಿದು ಬಂದಿರುವ ಮಾತು. ದೇವರಾಜ ಮಾರುಕಟ್ಟೆಗೆ ಹೊಂದಿಕೊಂಡಂತೆ ಸಯ್ಯಾಜಿರಾವ್ ರಸ್ತೆಯಲ್ಲಿರುವ ಗುರು ಸ್ವೀಟ್ ಮಾರ್ಟನ್ನು ನಡೆಸುತ್ತಿರುವುದು ಆ ವಂಶದವರೇ.

ಎಳೆ ಪಾಕ ಎಂದರೆ ಏನು

ಸಕ್ಕರೆಗೆ ನೀರು ಹಾಕಿ ಕುದಿಸಿದಾಗ ನೀರು ಆವಿಯಾಗಿ ಹೋಗುತ್ತದೆ, ಸಕ್ಕರೆ ಉಳಿಯುತ್ತದೆ. ನೀರು ಕಡಿಮೆಯಾದಷ್ಟೂ ಸಕ್ಕರೆಯ ಕಣಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಖಾಲಿ ಬಸ್ಸಿನಲ್ಲಿ ಜನ ಎಲ್ಲಿ ಬೇಕಾದರೂ ಓಡಾಡಬಹುದು, ದಸರಾ ದಿನದ ಬಸ್ಸಿನಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡೇ ನಿಲ್ಲಬೇಕು. ಪಾಕ ಗಟ್ಟಿಯಾಗುವುದೂ ಹೀಗೆಯೇ. ಜೊತೆಗೆ ಕುದಿಯುವ ಬಿಸಿಯೂ ಏರುತ್ತಾ ಹೋಗುತ್ತದೆ. ಬರಿಯ ನೀರು 100 ಡಿಗ್ರಿಗೆ ಕುದಿದರೆ, ಒಂದೆಳೆ ಪಾಕ ಸುಮಾರು 105 ಡಿಗ್ರಿಯ ಆಸುಪಾಸಿನಲ್ಲಿ ಬರುತ್ತದೆ.

ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಇದನ್ನು ಅಳೆದದ್ದು ಎರಡು ಬೆರಳುಗಳಿಂದ. ಸೌಟಿನಿಂದ ಒಂದು ತೊಟ್ಟು ತೆಗೆದು, ಕ್ಷಣ ಆರಿಸಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇಟ್ಟು ಮೆಲ್ಲಗೆ ಅಗಲಿಸುವುದು. ಬರಿಯ ಅಂಟು ಇದ್ದು ಎಳೆ ಬರದಿದ್ದರೆ ಅದು ಜಾಮೂನಿಗೆ ಸಾಕಾಗುವ ಪಾಕ. ಕಡಿಯದೆ ನಿಲ್ಲುವ ಒಂದು ದಾರ ಬಂದರೆ ಒಂದೆಳೆ. ಇನ್ನೂ ಕಾಯಿಸಿ, ತಣ್ಣೀರಿಗೆ ಬಿಟ್ಟ ತೊಟ್ಟು ಉಂಡೆ ಕಟ್ಟಿದರೆ ಉಂಡೆ ಪಾಕ. ಒಂದು ಹದದಿಂದ ಇನ್ನೊಂದಕ್ಕೆ ದಾಟಲು ದೊಡ್ಡ ಉರಿಯಲ್ಲಿ ಒಂದೆರಡು ನಿಮಿಷ ಸಾಕು. ಸಿಹಿ ಕೈಕೊಡುವುದು ಹೆಚ್ಚಾಗಿ ಇಲ್ಲೇ.

ಬಾಣಲೆಯ ಹತ್ತಿರ ನಿಂತು ನೋಡಿದರೆ

ಗೂಡುಗೂಡಾಗಿ, ಬಾಯಲ್ಲಿ ಮುರಿಯುವ ಹಳೆಯ ಮಾದರಿಯ ಮೈಸೂರು ಪಾಕಿಗೆ ಅಳತೆ ಇದು: ಒಂದು ಲೋಟ ಕಡಲೆಹಿಟ್ಟು, ಎರಡು ಲೋಟ ಸಕ್ಕರೆ, ಎರಡರಿಂದ ಎರಡೂವರೆ ಲೋಟ ತುಪ್ಪ, ಮುಕ್ಕಾಲು ಲೋಟ ನೀರು. ಎಲ್ಲಕ್ಕೂ ಒಂದೇ ಲೋಟ. ಹಿಟ್ಟನ್ನು ಎರಡು ಸಲ ಜರಡಿ ಹಿಡಿಯಬೇಕು. ತಟ್ಟೆಗೆ ತುಪ್ಪ ಸವರಿ ಮೊದಲೇ ಇಟ್ಟುಕೊಳ್ಳಬೇಕು, ಆಮೇಲೆ ಅದಕ್ಕೆ ಸಮಯ ಸಿಗುವುದಿಲ್ಲ.

ಒಲೆ ಎರಡು ಬೇಕು. ಒಂದರ ಮೇಲೆ ತುಪ್ಪ ಕೊನೆಯವರೆಗೂ ಕಾಯುತ್ತಲೇ ಇರಬೇಕು. ಚಿಟಿಕೆ ಹಿಟ್ಟು ಹಾಕಿದರೆ ಕೂಡಲೇ ನೊರೆಯೆದ್ದು ಮೇಲೆ ಬರುವಷ್ಟು ಬಿಸಿ ಇರಲಿ. ಇನ್ನೊಂದರ ಮೇಲೆ ದಪ್ಪ ತಳದ ಬಾಣಲೆಯಲ್ಲಿ ಸಕ್ಕರೆ, ನೀರು. ಒಂದೆಳೆ ಬಂದ ಕೂಡಲೇ ಉರಿ ತಗ್ಗಿಸಿ, ಹಿಟ್ಟನ್ನು ಒಂದು ಕೈಯಿಂದ ಉದುರಿಸುತ್ತಾ ಇನ್ನೊಂದು ಕೈಯಿಂದ ತಿರುವಬೇಕು. ಒಮ್ಮೆಗೇ ಸುರಿದರೆ ಗಂಟು ಕಟ್ಟುತ್ತದೆ, ಒಳಗೆ ಹಸಿ ಹಿಟ್ಟು ಉಳಿಯುತ್ತದೆ.

ಗಂಟಿಲ್ಲದೆ ಕೂಡಿದ ಮೇಲೆ ಒಂದು ಸೌಟು ಬಿಸಿ ತುಪ್ಪ. ಚುರ್ರೆಂದು ಸದ್ದು, ಬಾಣಲೆ ತುಂಬ ನೊರೆ. ತಿರುವುತ್ತಿದ್ದಂತೆ ತುಪ್ಪ ಒಳಗೆ ಇಂಗುತ್ತದೆ. ಇಂಗಿದ ಮೇಲೆ ಇನ್ನೊಂದು ಸೌಟು. ಐದಾರು ಸಲ ಹೀಗೆ ಮಾಡುವ ಹೊತ್ತಿಗೆ ಹಸಿ ವಾಸನೆ ಹೋಗಿ ಹುರಿದ ಕಡಲೆಯ ಘಮ ಬರುತ್ತದೆ, ಮಿಶ್ರಣ ತಳ ಬಿಡುತ್ತದೆ, ಮೇಲೆಲ್ಲ ಸಣ್ಣ ಸಣ್ಣ ತೂತು ಕಾಣುತ್ತವೆ, ಕುಡಿದ ತುಪ್ಪವನ್ನೇ ಅಂಚಿನಲ್ಲಿ ಹೊರಬಿಡಲು ಶುರುಮಾಡುತ್ತದೆ. ಆ ಗಳಿಗೆಯಲ್ಲೇ ತಟ್ಟೆಗೆ ಸುರಿಯಬೇಕು. ಸುರಿದ ಮೇಲೆ ಸೌಟಿನಿಂದ ಒತ್ತಬಾರದು, ಒತ್ತಿದರೆ ಗೂಡುಗಳು ಮುಚ್ಚಿಹೋಗುತ್ತವೆ. ತಟ್ಟೆಯನ್ನು ಸ್ವಲ್ಪ ವಾಲಿಸಿಟ್ಟರೆ ಹೆಚ್ಚಿನ ತುಪ್ಪ ಬಸಿದು ಬರುತ್ತದೆ. ಐದು ನಿಮಿಷ ಬಿಟ್ಟು, ಬಿಸಿ ಇರುವಾಗಲೇ ಚಾಕುವಿನಿಂದ ಗೆರೆ ಹಾಕಬೇಕು. ಪೂರ್ತಿ ಆರಿದ ಮೇಲೆ ಕತ್ತರಿಸಿದರೆ ಚೂರುಚೂರಾಗುತ್ತದೆ.

ಆ ಗೂಡುಗಳು ಬರುವುದು ಹೇಗೆ? ಪಾಕದಲ್ಲಿ ಇನ್ನೂ ನೀರು ಉಳಿದಿರುತ್ತದೆ. ನೀರು ಕುದಿಯುವುದಕ್ಕಿಂತ ಬಹಳ ಹೆಚ್ಚು ಬಿಸಿಯಾದ ತುಪ್ಪ ಅದಕ್ಕೆ ತಗುಲಿದಾಗ ನೀರು ಒಮ್ಮೆಲೇ ಆವಿಯಾಗಿ ಹೊರನುಗ್ಗುತ್ತದೆ. ಎಣ್ಣೆಗೆ ಬಿದ್ದ ಪೂರಿ ಉಬ್ಬುವುದೂ ಇದೇ ಕಾರಣಕ್ಕೆ. ಆವಿ ಹೋದ ದಾರಿಯ ಸುತ್ತ ಕಡಲೆಹಿಟ್ಟು ಬೆಂದು ಗೋಡೆ ಕಟ್ಟುತ್ತದೆ, ಸಕ್ಕರೆ ಗಟ್ಟಿಯಾಗಿ ಆ ಗೋಡೆಯನ್ನು ಹಿಡಿದು ನಿಲ್ಲಿಸುತ್ತದೆ. ತುಪ್ಪ ಬೆಚ್ಚಗೆ ಮಾತ್ರ ಇದ್ದರೆ ಆವಿ ಏಳುವುದಿಲ್ಲ, ಗೂಡೂ ಆಗುವುದಿಲ್ಲ. ಹೊಳೆಯುವ, ಬೆಣ್ಣೆಯಂತೆ ಕರಗುವ ಮೆತ್ತನೆಯ ಮೈಸೂರು ಪಾಕ್ ಬರುವುದು ಅಂಥ ಕಡಿಮೆ ಬಿಸಿಯಲ್ಲಿ, ಬೇಗ ಇಳಿಸಿದಾಗ. ಎರಡೂ ರುಚಿಯೇ. ಆದರೆ ಕೈಕೆಲಸದ ದೃಷ್ಟಿಯಿಂದ ಗೂಡಿನದ್ದು ಹೆಚ್ಚು ಕಷ್ಟದ ಕೆಲಸ ಎಂಬುದನ್ನು ಒಪ್ಪಲೇಬೇಕು.

ತುಂಡಿನ ನಡುವೆ ಕೆಂಚು ಪಟ್ಟಿ, ಮೇಲೆ ಕೆಳಗೆ ತಿಳಿಹಳದಿ ಕಾಣುವುದಕ್ಕೆ ಬಣ್ಣ ಕಾರಣವಲ್ಲ. ತಟ್ಟೆಗೆ ಸುರಿದಾಗ ಅಂಚು ಬೇಗ ಆರುತ್ತದೆ, ನಡುಭಾಗ ಕಾವನ್ನು ಹಿಡಿದಿಟ್ಟುಕೊಂಡು ಒಲೆಯಿಂದ ಇಳಿಸಿದ ಮೇಲೂ ಬೇಯುತ್ತಲೇ ಇರುತ್ತದೆ. ಪಟ್ಟಿ ಬೇಕೆಂದರೆ ತಟ್ಟೆ ಆಳವಾಗಿರಬೇಕು.

ಕೆಟ್ಟರೆ ಹೀಗೆ ತಿಳಿಯುತ್ತದೆ: ಗಂಟೆಯಾದರೂ ಹಲ್ವದಂತೆ ಮೆತ್ತಗೇ ಇದ್ದರೆ ಪಾಕ ಎಳೆಗೆ ಬರುವ ಮೊದಲೇ ಹಿಟ್ಟು ಹಾಕಿದ್ದೀರಿ. ಮುಟ್ಟಿದರೆ ಪುಡಿಯಾದರೆ ಪಾಕ ಮೀರಿದೆ, ಇಲ್ಲವೇ ಸುರಿಯುವುದು ತಡವಾಗಿದೆ. ಕಲ್ಲಿನಂತೆ ಗಟ್ಟಿಯಾದರೆ ತುಪ್ಪ ಕಡಿಮೆಯಾಗಿದೆ.

ಅಷ್ಟು ತುಪ್ಪ, ಅಷ್ಟು ಸಕ್ಕರೆ ಎಲ್ಲಿಂದ

ಒಂದು ಲೋಟ ಹಿಟ್ಟಿಗೆ ಎರಡು ಲೋಟ ತುಪ್ಪ ಎಂಬ ಅಳತೆಯಲ್ಲೇ ಇದು ಎಲ್ಲರ ಮನೆಯಲ್ಲಿ ಹುಟ್ಟಿದ ತಿಂಡಿಯಲ್ಲ ಎಂಬುದು ಗೊತ್ತಾಗುತ್ತದೆ. ಮೈಸೂರು ಅರಮನೆಗೆ ಹಾಲು ಬೆಣ್ಣೆಯ ವ್ಯವಸ್ಥೆ ಹಳೆಯದು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ದನಗಳ ದೊಡ್ಡ ಇಲಾಖೆಯನ್ನೇ ಕಟ್ಟಿ ಅದಕ್ಕೆ ‘ಬೆಣ್ಣೆ ಚಾವಡಿ’ ಎಂದು ಹೆಸರಿಟ್ಟರು. ಹಸುಗಳ ಹಾಲು ಬೆಣ್ಣೆ ಅರಮನೆಗೆ, ಹೋರಿಗಳು ದಂಡಿಗೆ. ಹೈದರನ ಫಿರಂಗಿ, ಸಾಮಾನುಗಳನ್ನು ವೇಗವಾಗಿ ಎಳೆದದ್ದು ಇದೇ ತಳಿಯ ಎತ್ತುಗಳು. ಟಿಪ್ಪು ಈ ಇಲಾಖೆಯ ಹೆಸರನ್ನು ‘ಅಮೃತ ಮಹಲ್’ ಎಂದು ಬದಲಿಸಿದ, ಇಂದಿಗೂ ಆ ತಳಿಗೆ ಉಳಿದಿರುವ ಹೆಸರು ಅದು. ಸೈನ್ಯದ ಕಥೆಯೂ ತುಪ್ಪದ ಕಥೆಯೂ ಒಂದೇ ಕೊಟ್ಟಿಗೆಯಿಂದ ಹೊರಟದ್ದು.

ಸಕ್ಕರೆಯ ದಾರಿ ಮಂಡ್ಯದ ಕಡೆಯದು. ಈ ಸೀಮೆಯಲ್ಲಿ ಕಬ್ಬು ಹೊಸದಲ್ಲ, ಆದರೆ ಕಬ್ಬಿನಿಂದ ಆಗುತ್ತಿದ್ದದ್ದು ಮುಖ್ಯವಾಗಿ ಬೆಲ್ಲ. 19ನೇ ಶತಮಾನದ ನಡುವೆ ಶ್ರೀರಂಗಪಟ್ಟಣದ ಹತ್ತಿರ ಪಾಲಹಳ್ಳಿಯಲ್ಲಿದ್ದ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ರೈತರ ಬೆಲ್ಲವನ್ನೇ ಕೊಂಡು, ಶುದ್ಧ ಮಾಡಿ ಸಕ್ಕರೆ ತೆಗೆಯುತ್ತಿತ್ತು. ದೊಡ್ಡ ಬದಲಾವಣೆ ಆದದ್ದು ನೀರಿನಿಂದ. ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಹುಲಿಕೆರೆಯ ಸುರಂಗ ದಾಟಿ ಬರುವ ನಾಲೆ, ಆಗ ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ, ರಾಗಿ ಹುರುಳಿ ಬೆಳೆಯುತ್ತಿದ್ದ ಹೊಲಗಳಿಗೆ ನೀರು ತಂದಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ, 1939ರಲ್ಲಿ ಮಂಡ್ಯ ಜಿಲ್ಲೆ. ಇದೆಲ್ಲದಕ್ಕೂ ನಾಲ್ವಡಿಯವರ ಆಳ್ವಿಕೆಯೇ ಕಾಲ. ಅರಮನೆಯ ಬಾಣಲೆಯಲ್ಲಿ ಹುಟ್ಟಿದ ಸಿಹಿ ಪೇಟೆಯ ಗಾಜಿನ ಪೆಟ್ಟಿಗೆಗೆ ಬಂದು ಕೂತ ಕಾಲವೂ ಹೆಚ್ಚುಕಡಿಮೆ ಅದೇ.

ಆಲೆಮನೆಯ ಹದ

ಬೆಲ್ಲವೂ ಪಾಕವೇ, ಇಲ್ಲಿ ಸಕ್ಕರೆಗೆ ನೀರು ಹಾಕುವ ಬದಲು ಕಬ್ಬಿನ ಹಾಲನ್ನೇ ಬತ್ತಿಸುತ್ತಾರೆ. ನೂರು ಕಿಲೋ ಕಬ್ಬು ಅರೆದರೆ ಸುಮಾರು ಹತ್ತು ಕಿಲೋ ಬೆಲ್ಲ. ಗಾಣದಿಂದ ಬಂದ ಹಾಲು ಸೋಸಿ ಕೊಪ್ಪರಿಗೆಗೆ ಬೀಳುತ್ತದೆ, ಅದೇ ಕಬ್ಬಿನ ಒಣಗಿದ ಸಿಪ್ಪೆ ಒಲೆಗೆ ಉರುವಲಾಗುತ್ತದೆ.

ಕಬ್ಬಿನ ಹಾಲು ತುಸು ಹುಳಿ. ಹುಳಿಯಲ್ಲಿ ಕುದಿದ ಸಕ್ಕರೆ ಒಡೆದು ಬೇರೆ ಎರಡು ಸಕ್ಕರೆಗಳಾಗುತ್ತದೆ. ಅವು ಗಟ್ಟಿಯಾಗುವುದಿಲ್ಲ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತವೆ. ಅದಕ್ಕೇ ಸುಣ್ಣದ ತಿಳಿ ಹಾಕುವುದು, ಹುಳಿ ಸಾಯುತ್ತದೆ. ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ, ಕಡಿಮೆಯಾದರೆ ಅಚ್ಚು ಕಟ್ಟುವುದಿಲ್ಲ. ಬೆಂಡೆ ಗಿಡದ ಕಾಂಡವನ್ನು ಜಜ್ಜಿ ನೀರಿನಲ್ಲಿ ಕಿವುಚಿದ ಲೋಳೆಯನ್ನು ಹಾಕುವ ಹಳೆಯ ಪದ್ಧತಿಯೂ ಇದೆ. ಆ ಲೋಳೆ ಬಲೆಯಂತೆ ಕಸವನ್ನು ಹಿಡಿದು ಮೇಲೆ ತರುತ್ತದೆ, ಅದನ್ನು ಜಾಲರಿ ಸೌಟಿನಿಂದ ತೆಗೆದುಹಾಕುತ್ತಾರೆ.

ಹಾಲು ಸುಮಾರು 118 ಡಿಗ್ರಿ ಮುಟ್ಟಿದಾಗ ಅಚ್ಚಿನ ಹದ. ಕೊಪ್ಪರಿಗೆಯ ಮುಂದೆ ನಿಂತವರು ಇದನ್ನೂ ಅಳೆಯುವುದು ತಣ್ಣೀರಿನಲ್ಲೇ: ಬಿಟ್ಟ ತೊಟ್ಟು ಗಟ್ಟಿ ಉಂಡೆಯಾಗಬೇಕು. ಆಮೇಲೆ ತೊಟ್ಟಿಗೆ ಬಗ್ಗಿಸಿ, ತಿರುವಿ, ಆರುತ್ತಿದ್ದಂತೆ ಅಚ್ಚಿಗೆ. ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಕುರಿಕಾಟು ಬೆಲ್ಲ ಎಂದು ಮಂಡ್ಯ ಮಾರುಕಟ್ಟೆಯಲ್ಲಿ ಕೇಳುವ ಹೆಸರುಗಳು ಹೆಚ್ಚಾಗಿ ಆಕಾರದ್ದು. ತೀರ ತಿಳಿಹಳದಿಯಾಗಿ ಹೊಳೆಯುವ ಬೆಲ್ಲ ಒಳ್ಳೆಯದೆಂದು ತಿಳಿಯುವುದು ತಪ್ಪು. ಆ ಬಣ್ಣಕ್ಕಾಗಿ ಸೋಡಿಯಂ ಹೈಡ್ರೋಸಲ್ಫೈಟ್ ಹಾಕುವ ರೂಢಿ ಇದೆ. ರಾಸಾಯನಿಕ ಹಾಕದ ಬೆಲ್ಲ ಸಾಮಾನ್ಯವಾಗಿ ಕಂದು, ಮಳೆಗಾಲದಲ್ಲಿ ಸ್ವಲ್ಪ ಬೆವರುವುದು ಅದರ ಸ್ವಭಾವ. ಬೆಲ್ಲ ಹಾಕಿ ಗೂಡಿನ ಮೈಸೂರು ಪಾಕ್ ಮಾಡಹೊರಟರೆ ಸರಿಯಾಗಿ ನಿಲ್ಲದಿರುವುದೂ ಆ ಒಡೆದ ಸಕ್ಕರೆಯ ಕಾರಣಕ್ಕೇ.

ಒಂದು ಸಾಮಗ್ರಿಯಿಂದ ಕಾಲ ಹೇಳುವುದು

ಅಡುಗೆಯಿಂದ ಚರಿತ್ರೆ ಓದುವವರು ಮೊದಲು ಕೇಳುವ ಪ್ರಶ್ನೆ ಇದು: ಈ ಪದಾರ್ಥ ಇಲ್ಲಿಗೆ ಯಾವಾಗ ಬಂತು? ಮೆಣಸಿನಕಾಯಿಗಿಂತ ಒಳ್ಳೆಯ ಉದಾಹರಣೆ ಸಿಗದು. ಅದು ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಹಡಗುಗಳ ಮೂಲಕ 16ನೇ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದದ್ದು. ಹುಣಸೂರಿನ ಹತ್ತಿರದ ಕಲ್ಲಹಳ್ಳಿಯವನಾದ 3ನೇ ಮಂಗರಸ ಅದೇ ಶತಮಾನದ ಆರಂಭದಲ್ಲಿ ಕನ್ನಡ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ದ ಅಡುಗೆಗಳಿಗೆ ಖಾರ ಕೊಟ್ಟದ್ದು ಮೆಣಸು, ಶುಂಠಿ. ಹೊಸ ಕಾಯಿ ಬಂದಾಗ ಹಳೆಯ ಹೆಸರನ್ನೇ ಅದಕ್ಕೆ ಕೊಟ್ಟೆವು, ಮೆಣಸಿನಂತೆ ಖಾರ ಇರುವ ಕಾಯಿ ಮೆಣಸಿನಕಾಯಿ. ನಿಜವಾದ ಮೆಣಸು ಕರಿಮೆಣಸಾಯಿತು, ಕೆಲವೆಡೆ ಒಳ್ಳೆಮೆಣಸಾಯಿತು. ಬಾಣಂತಿಗೆ ಇಂದಿಗೂ ಮೆಣಸಿನ ಸಾರು. ಎಷ್ಟೋ ಮನೆಗಳ ಶ್ರಾದ್ಧದ ಅಡುಗೆಯಲ್ಲಿ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊಗೆ ಪ್ರವೇಶವಿಲ್ಲ. ಈ ಮೂರೂ ಹೊರಖಂಡದಿಂದ ಬಂದವು. ಆ ಎಲೆಯ ಮೇಲೆ ಉಳಿದಿರುವುದು ಐನೂರು ವರ್ಷ ಹಿಂದಿನ ಊಟದ ಚೌಕಟ್ಟು.

ಚಿತ್ರಕಲೆಯಲ್ಲೂ ಇಂಥ ಗುರುತುಗಳಿವೆ. ಹಳೆಯ ಮೈಸೂರು ಚಿತ್ರಗಳ ಬಿಳಿ ಸಫೇದ, ಅಂದರೆ ಸೀಸದ ಪುಡಿ. ಸತುವಿನ ಬಿಳಿ ಯುರೋಪಿನಲ್ಲಿ ನೀರುಬಣ್ಣವಾಗಿ ಮಾರಾಟಕ್ಕೆ ಬಂದದ್ದು 1830ರ ದಶಕದಲ್ಲಿ. ನೀಲಿ ಗಿಡದಿಂದ ತೆಗೆದ ನೀಲಿ ಬಹಳ ಹಳೆಯದು, ಪ್ರಷ್ಯನ್ ನೀಲಿ 18ನೇ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ್ದು. ಸತುವಿನ ಬಿಳಿ ಇರುವ ಚಿತ್ರವನ್ನು ಟಿಪ್ಪುವಿನ ಕಾಲದ್ದೆಂದು ಯಾರಾದರೂ ಹೇಳಿದರೆ, ಮೆಣಸಿನಕಾಯಿ ಹಾಕಿದ ಸಾರನ್ನು ವಿಜಯನಗರದ ಮೊದಲ ಅರಸರು ಉಂಡರು ಎಂದಂತೆ. ಆಮೇಲೆ ತಿದ್ದಿದ್ದೂ ಇರಬಹುದು, ಆದ್ದರಿಂದ ಒಂದೇ ಬಣ್ಣದಿಂದ ತೀರ್ಪು ಕೊಡಬಾರದು.

ಅಡುಗೆ, ಚಿತ್ರ ಎರಡನ್ನೂ ಜೊತೆಗಿಟ್ಟು ನೋಡುವುದು ನಮ್ಮಲ್ಲಿ ಹೊಸ ಅಭ್ಯಾಸವೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಊಟದ ಭಾಗವೂ ಇದೆ, ಚಿತ್ರ ಬರೆಯುವ ಭಾಗವೂ ಇದೆ. ಬಣ್ಣ ಹಿಡಿಸುವ ‘ವಜ್ರಲೇಪ’ ಎಂಬ ಅಂಟನ್ನು ಅಲ್ಲಿ ಹೇಳಿರುವುದು ಅಡುಗೆಯ ಭಾಷೆಯಲ್ಲೇ: ಎಮ್ಮೆಯ ಚರ್ಮವನ್ನು ಬೆಣ್ಣೆಯಷ್ಟು ಮೆತ್ತಗಾಗುವವರೆಗೆ ನೀರಿನಲ್ಲಿ ಬೇಯಿಸಬೇಕು.

ಚಿತ್ರಗಾರರು ಮೈಸೂರಿಗೆ ಬಂದ ದಾರಿ

1565ರ ತಾಳಿಕೋಟೆ ಯುದ್ಧದ ನಂತರ ವಿಜಯನಗರದ ಆಶ್ರಯ ಕಳೆದುಕೊಂಡ ಚಿತ್ರಗಾರರ ಮನೆತನಗಳು ಚೆದುರಿದವು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದು, ವಿಜಯನಗರದ ನವರಾತ್ರಿ ಉತ್ಸವವನ್ನು ಅಲ್ಲಿ ಮುಂದುವರಿಸಿದರು. ದಸರೆಯ ಜೊತೆಗೆ ಚಿತ್ರ ಬರೆಯುವ ಕೈಗಳಿಗೂ ಅಲ್ಲಿ ನೆಲೆ ಸಿಕ್ಕಿತು. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಗೋಡೆಯ ಮೇಲೆ, ಬ್ರಿಟಿಷರು ಸೋತ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ, ಆನೆ ಕುದುರೆ ಸಾಲುಗಳು ಒತ್ತೊತ್ತಾಗಿ.

1799ರಲ್ಲಿ ಟಿಪ್ಪು ಮಡಿದ ಮೇಲೆ ರಾಜಧಾನಿ ಮೈಸೂರಿಗೆ ಬಂತು, ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು. ಈಗ ನಾವು ‘ಮೈಸೂರು ಶೈಲಿ’ ಎಂದು ಕರೆಯುವ ಚಿತ್ರಕಲೆ ಮೈತುಂಬಿಕೊಂಡದ್ದು ಇವರ ಕಾಲದಲ್ಲೇ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಸಿದುಕೊಂಡ ಮೇಲೂ ಕಲೆಗೆ ಕೊಟ್ಟ ಆಸರೆ ನಿಲ್ಲಲಿಲ್ಲ. ದೇವತೆಗಳ ರೂಪ, ಬಣ್ಣ, ಆಯುಧ, ವಾಹನಗಳನ್ನು ಒಂಬತ್ತು ‘ನಿಧಿ’ಗಳಾಗಿ ಚಿತ್ರ ಸಹಿತ ಸಂಗ್ರಹಿಸಿದ ‘ಶ್ರೀತತ್ತ್ವನಿಧಿ’ ಅವರ ಆಶ್ರಯದ್ದು. 1861ರ ಜಗನ್ಮೋಹನ ಅರಮನೆಯೂ ಅವರದ್ದೇ. ಅದರ ಗೋಡೆಚಿತ್ರಗಳಲ್ಲಿ ಒಡೆಯರ ವಂಶವೃಕ್ಷ, ದಸರಾ ಮೆರವಣಿಗೆಗಳನ್ನು ಕಾಣಬಹುದು.

ಚಿನ್ನ ಕೂರಿಸುವ ಕೆಲಸ

ಮೈಸೂರು ಚಿತ್ರವನ್ನು ತಂಜಾವೂರು ಚಿತ್ರದಿಂದ ಬೇರೆ ಮಾಡುವುದು ಉಬ್ಬು, ಅಂದರೆ ಚಿನ್ನದ ಕೆಳಗೆ ಎದ್ದು ನಿಲ್ಲುವ ಲೇಪ. ತಂಜಾವೂರಿನದ್ದರಲ್ಲಿ ಉಬ್ಬು ದಪ್ಪ, ಗಾಜಿನ ಹರಳುಗಳೂ ಇರುತ್ತವೆ. ಮೈಸೂರಿನದ್ದು ತೆಳು, ಎದುರಿನಿಂದ ನೋಡಿದರೆ ಉಬ್ಬೇ ಇಲ್ಲವೆನಿಸುವಷ್ಟು. ಹರಳು ಇಲ್ಲ, ಚಿನ್ನದ ತೆಳು ಹಾಳೆ, ಅಂದರೆ ರೇಕು ಮಾತ್ರ. ತೆಳುವಾದಷ್ಟೂ ತಪ್ಪನ್ನು ಮುಚ್ಚಲು ಜಾಗ ಕಡಿಮೆ.

ಹಲಗೆಗೆ ಅಂಟಿಸಿದ ದಪ್ಪ ಕಾಗದ ಈ ಚಿತ್ರದ ನೆಲ. ಗುಳ್ಳೆಯಿಲ್ಲದೆ ಅಂಟಿ, ಪೂರ್ತಿ ಒಣಗಬೇಕು. ಹಿಂದೆ ರೇಖೆ ಎಳೆಯುತ್ತಿದ್ದದ್ದು ಹುಣಸೆ ಕಡ್ಡಿಯ ಇದ್ದಿಲಿನಿಂದ. ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ ಸುಟ್ಟರೆ ಗಾಳಿ ಸಿಗದೆ ಬೂದಿಯಾಗುವ ಬದಲು ಮೆತ್ತನೆಯ ಇದ್ದಿಲಾಗುತ್ತದೆ. ಕುಂಚಕ್ಕೆ ಅಳಿಲಿನ ಕೂದಲು, ಕೂದಲೆಳೆಯ ಗೆರೆಗೆ ಹುಲ್ಲಿನ ಚೂಪು ತುದಿ. ಬಣ್ಣಗಳ ಹೆಸರುಗಳು ಈಗಲೂ ಕಿವಿಗೆ ಹಿತ: ಕೆಂಪಿಗೆ ಇಂಗಳೀಕ, ಹಳದಿಗೆ ಹರಿದಾಳ, ಕಪ್ಪಿಗೆ ದೀಪದ ಕಾಡಿಗೆ.

ಒಡವೆ, ಕಿರೀಟ, ಸೀರೆಯಂಚು, ಸಿಂಹಾಸನ, ಪ್ರಭಾವಳಿ, ಚಿನ್ನ ಬರಬೇಕಾದ ಕಡೆಯಲ್ಲೆಲ್ಲ ಮೊದಲು ಉಬ್ಬುಕೆಲಸ. ಇದಕ್ಕೆ ಬಳಸುವ ಲೇಪವನ್ನು ಗೆಸ್ಸೊ ಎನ್ನುತ್ತಾರೆ. ಹಳೆಯ ಕ್ರಮದಲ್ಲಿ ಸೀಸದ ಸಫೇದ, ರೇವಾಚಿನ್ನಿ ಹಾಲು, ಅಂಟು. ರೇವಾಚಿನ್ನಿ ಹಾಲು ಎಂದರೆ ನಮ್ಮ ಪುನರ್ಪುಳಿಯ ಕುಲದ ಮರವೊಂದರ ಹಳದಿ ಅಂಟು. ಸೀಸ ವಿಷವಾದ್ದರಿಂದ ಈಗಿನ ಕಲಾವಿದರು ಸತುವಿನ ಬಿಳಿಪುಡಿಗೆ ಅರೇಬಿಕ್ ಗೋಂದು ಸೇರಿಸಿ ಅರೆದುಕೊಳ್ಳುತ್ತಾರೆ. ಮನೆಯಲ್ಲಿ ಕಲಿಯುವವರು ಹಳೆಯ ಪಾಠ ಓದಿ ಸಫೇದವನ್ನು ಹುಡುಕಿಕೊಂಡು ಹೋಗಬಾರದು.

ಹದ ಇಲ್ಲೂ ಎಳೆಯದ್ದೇ. ಕುಂಚದ ತುದಿಯಿಂದ ಎತ್ತಿದಾಗ ಲೇಪ ತೊಟ್ಟಿಕ್ಕದೆ, ಹಾಗೆಂದು ತುದಿಯಲ್ಲೇ ಗಟ್ಟಿಯಾಗಿ ನಿಲ್ಲದೆ, ಎಳೆದಂತೆ ಹರಿಯಬೇಕು. ಗೋಂದು ಹೆಚ್ಚಾದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಕಡಿಮೆಯಾದರೆ ಪುಡಿಯಾಗಿ, ಉಜ್ಜಿದಾಗ ಚಿನ್ನದ ಸಮೇತ ಎದ್ದು ಬರುತ್ತದೆ. ಒಮ್ಮೆಗೇ ದಪ್ಪ ಹಾಕಿದರೆ ಮೇಲ್ಭಾಗ ಒಣಗಿ ಒಳಗೆ ಹಸಿ ಉಳಿದು ಸೀಳುತ್ತದೆ. ತೆಳುವಾಗಿ ಒಂದು ಪದರ, ಒಣಗಿದ ಮೇಲೆ ಇನ್ನೊಂದು, ಬೇಕಿದ್ದರೆ ಮತ್ತೊಂದು. ಸರದ ಒಂದೊಂದು ಮುತ್ತಿಗೂ ಒಂದೊಂದು ಚುಕ್ಕೆ ಬೇರೆಯಾಗಿ ನಿಲ್ಲಬೇಕು.

ರೇಕು ಹಚ್ಚುವ ಹೊತ್ತಿಗೆ ಫ್ಯಾನ್ ಆರಿಸಿ ಕಿಟಕಿ ಮುಚ್ಚಬೇಕು. ಚಿನ್ನದ ರೇಕಿನ ದಪ್ಪ ಒಂದು ಮಿಲಿಮೀಟರಿನ ಸುಮಾರು ಹತ್ತು ಸಾವಿರದಲ್ಲೊಂದು ಭಾಗ, ಉಸಿರಿಗೇ ಹಾರುತ್ತದೆ. ಉಬ್ಬಿನ ಮೇಲೆ ತೆಳುವಾಗಿ ಅಂಟು ಸವರಿ, ಅದು ಹಸಿಯೂ ಅಲ್ಲದೆ ಒಣಗಿಯೂ ಇಲ್ಲದೆ ಬೆರಳಿಗೆ ತುಸು ಹಿಡಿಯುವ ಗಳಿಗೆಯಲ್ಲಿ ರೇಕನ್ನು ಇಳಿಸಿ, ಮೃದುವಾದ ಕುಂಚದಿಂದ ಕೂರಿಸುವುದು. ತೀರ ಹಸಿಯಿದ್ದರೆ ಚಿನ್ನ ಮುಳುಗಿ ಮಂಕಾಗುತ್ತದೆ, ಒಣಗಿದ್ದರೆ ಹಿಡಿಯುವುದಿಲ್ಲ. ರೇಕಿನಲ್ಲಿ ಸೂಜಿಮೊನೆಯಷ್ಟು ತೂತುಗಳು ಉಳಿದೇ ಉಳಿಯುತ್ತವೆ. ಕೆಳಗಿನ ಲೇಪಕ್ಕೆ ಹಳದಿಯಿದ್ದರೆ ಆ ತೂತು ಬೆಳ್ಳಗೆ ಕಣ್ಣಿಗೆ ಹೊಡೆಯುವುದಿಲ್ಲ, ಚಿನ್ನದ ಬಣ್ಣವೂ ಬೆಚ್ಚಗೆ ಕಾಣುತ್ತದೆ. ರೇವಾಚಿನ್ನಿ ಹಾಲಿಗೆ ಈ ಕೆಲಸವೂ ಇತ್ತು. ಅಗ್ಗದ ‘ಗೋಲ್ಡ್ ಫಾಯಿಲ್’ ಹೆಚ್ಚಾಗಿ ತಾಮ್ರ ಸತುವಿನ ಮಿಶ್ರಲೋಹ, ವರ್ಷಗಳು ಕಳೆದಂತೆ ಕಪ್ಪಾಗುತ್ತದೆ. ಅಸಲಿ ಚಿನ್ನ ಹಾಗಾಗದು.

ಚಿನ್ನ ಒಣಗಿದ ಮೇಲೆ ಬಣ್ಣ: ಆಕಾಶ, ಬೆಟ್ಟ, ಮರ, ಆಮೇಲೆ ಉಡುಪು, ಮೈ, ಕೊನೆಗೆ ಮುಖ. ಬಣ್ಣ ಮೊದಲು, ಚಿನ್ನ ಆಮೇಲೆ ಎನ್ನುವ ಕ್ರಮವೂ ಇದೆ, ಎರಡಕ್ಕೂ ಪರಂಪರೆಯ ಬೆಂಬಲವಿದೆ. ಚಿನ್ನದ ಅಂಚಿಗೆ ತೆಳುವಾದ ಗೆರೆ ಎಳೆದಾಗಲೇ ಒಡವೆ ಒಡವೆಯಂತೆ ಕಾಣುವುದು. ಎಲ್ಲ ಒಣಗಿದ ಮೇಲೆ ಚಿತ್ರಕ್ಕೆ ತೆಳು ಕಾಗದ ಮುಚ್ಚಿ, ನುಣುಪು ಕಲ್ಲಿನಿಂದ ಮೆಲ್ಲಗೆ ಉಜ್ಜುತ್ತಾರೆ. ಕಾಗದ ತೆಗೆದಾಗ ಮಂಕಾಗಿದ್ದ ಮೈಯೆಲ್ಲ ಹೊಳೆಯುತ್ತದೆ.

ಹೆಸರಿನ ಹಕ್ಕು

‘ಭೌಗೋಳಿಕ ಗುರುತು’ ಅಥವಾ ಜಿಐ ಎಂಬುದು ಒಂದು ಊರಿನ ಹೆಸರನ್ನು ಅಲ್ಲಿ, ಆ ವಿಧಾನದಲ್ಲಿ ತಯಾರಿಸುವವರಿಗೆ ಮಾತ್ರ ಬಳಸಲು ಕೊಡುವ ಕಾನೂನಿನ ರಕ್ಷಣೆ. 1999ರ ಕಾಯ್ದೆ, ಜಾರಿಗೆ ಬಂದದ್ದು 2003ರಲ್ಲಿ. ನೋಂದಣಿ ಹತ್ತು ವರ್ಷಕ್ಕೆ, ಮತ್ತೆ ನವೀಕರಿಸಬಹುದು. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಇದು 2005ರಲ್ಲಿ ಸಿಕ್ಕಿತು. ಮೈಸೂರು ರೇಷ್ಮೆ, ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಗೂ ಇದೆ. ಪೇಟೆಂಟಿನಂತೆ ಇದು ಒಬ್ಬರ ಸೊತ್ತಲ್ಲ, ಆ ಸೀಮೆಯ ಎಲ್ಲ ತಯಾರಕರದ್ದು. ಬೇರೆ ಊರಿನವರು ಅದೇ ರೀತಿ ಚಿತ್ರ ಬರೆಯುವುದನ್ನು ಇದು ತಡೆಯುವುದಿಲ್ಲ, ಆ ಹೆಸರಿಟ್ಟು ಮಾರುವುದನ್ನು ತಡೆಯುತ್ತದೆ.

ನೋಡುವಾಗ, ಕಾಪಾಡುವಾಗ

ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಚಿತ್ರದ ನೇರ ಎದುರು ನಿಂತು ಮುಗಿಸಬೇಡಿ. ಒಂದು ಪಕ್ಕಕ್ಕೆ ಸರಿದು, ಬೆಳಕು ಓರೆಯಾಗಿ ಬೀಳುವಂತೆ ನೋಡಿದರೆ ಉಬ್ಬಿನ ನೆರಳು ಕಾಣುತ್ತದೆ. ಸರದ ಮುತ್ತುಗಳು ಒಂದೇ ಗಾತ್ರದಲ್ಲಿವೆಯೇ, ಚಿನ್ನದ ಅಂಚು ಬಣ್ಣದ ಮೇಲೆ ಹರಿದಿದೆಯೇ ಎಂಬುದರಲ್ಲಿ ಕೈಯ ಪಳಗುವಿಕೆ ಗೊತ್ತಾಗುತ್ತದೆ. ಅದೇ ಕಟ್ಟಡದಲ್ಲಿರುವ ರಾಜಾ ರವಿವರ್ಮರ ತೈಲಚಿತ್ರಗಳಿಗೆ ಹೋಲಿಸಿ ನೋಡಿ. ಅಲ್ಲಿ ಒಡವೆಯ ಹೊಳಪು ಹಳದಿ, ಬಿಳಿ, ಕಂದು ಬಣ್ಣಗಳಿಂದ ಹುಟ್ಟಿಸಿದ್ದು, ಇಲ್ಲಿ ಲೋಹವೇ ಹೊಳೆಯುತ್ತದೆ.

ಮನೆಯಲ್ಲಿ ಅಜ್ಜ ಅಜ್ಜಿಯ ಕಾಲದ ಮೈಸೂರು ಚಿತ್ರವಿದ್ದರೆ ಅದನ್ನು ಒದ್ದೆ ಬಟ್ಟೆಯಿಂದ ಎಂದಿಗೂ ಒರೆಸಬಾರದು. ಉಬ್ಬನ್ನೂ ಬಣ್ಣವನ್ನೂ ಹಿಡಿದಿರುವ ಗೋಂದು ಸಕ್ಕರೆಯ ಹಾಗೆಯೇ ನೀರಿನಲ್ಲಿ ಕರಗುತ್ತದೆ. ಹಬ್ಬದ ಮುನ್ನಾದಿನ ಧೂಳು ತೆಗೆಯಲು ಒಮ್ಮೆ ಒರೆಸಿದ್ದಕ್ಕೆ ಕೃಷ್ಣನ ಕೊರಳ ಸರ ಬಟ್ಟೆಗೆ ಬಂದುಬಿಡಬಹುದು. ಗಾಜಿಗೂ ಚಿತ್ರಕ್ಕೂ ನಡುವೆ ಅಂಚಿನಲ್ಲಿ ರಟ್ಟಿನ ಪಟ್ಟಿ ಇಟ್ಟು ಅಂತರ ಬಿಡಿಸಿ, ಮಳೆಯ ನೀರು ಜಿನುಗುವ ಗೋಡೆಯಿಂದ ದೂರ ತೂಗುಹಾಕಿ. ಧೂಳು ಕುಳಿತಿದ್ದರೆ ಒಣ, ಮೃದು ಕುಂಚವೊಂದೇ ಸಾಕು. ಚಿನ್ನ ಎದ್ದಿದ್ದರೆ ಮನೆಯ ಅಂಟು ಹಾಕದೆ, ಉದುರಿದ ಚೂರುಗಳನ್ನು ಕಾಗದದಲ್ಲಿ ಮಡಚಿ ಚಿತ್ರದ ಜೊತೆಗೇ ಇಟ್ಟು, ಈ ಕೆಲಸ ಬಲ್ಲ ಚಿತ್ರಗಾರರಿಗೆ ತೋರಿಸಿ.